ಅಗ್ಗದ ಮಸೂರ, ಯಾರ ಋಣ?

ವಸ್ತುವಿನ ಬೆಲೆಯೇ ಅದರ ಯೋಗ್ಯತೆಯ ಅಳತೆಯೆಂದು ನಂಬುವುದು ಲೋಕರೂಢಿ. ಹೆಚ್ಚು ಹಣ ತೆತ್ತವನು ತಾನು ತಂದುದು ಉತ್ತಮವಾದುದೆಂದೂ, ಕಡಮೆ ಕೊಟ್ಟವನು ತನಗೆ ದೊರೆತುದು ಅಷ್ಟಕ್ಕಷ್ಟೆ ಎಂದೂ ಭಾವಿಸುತ್ತಾರೆ. ಇದಕ್ಕೆ ಪ್ರತಿಯಾದ ಇನ್ನೊಂದು ಭ್ರಮೆಯೂ ಉಂಟು. ಒಳ್ಳೆಯ ವಸ್ತು ಅಗ್ಗವಾಗಿ ಕೈಸೇರಿದರೆ ಅದನ್ನು ನಮ್ಮ ಜಾಣತನದ ಫಲವೆಂದೋ ಅದೃಷ್ಟವೆಂದೋ ಎಣಿಸಿ ಅಲ್ಲಿಗೆ ವಿಚಾರವನ್ನು ಮುಗಿಸಿಬಿಡುತ್ತೇವೆ. ಮೊದಲನೆಯ ಭ್ರಮೆ ಬೆಲೆಗೆ ಸಲ್ಲದ ಗೌರವವನ್ನು ಕೊಡುತ್ತದೆ. ಎರಡನೆಯದು ಬೆಲೆಯ ಹಿಂದಿರುವ ಮನುಷ್ಯರನ್ನು ಮರೆಸುತ್ತದೆ. ಒಳ್ಳೆಯ ವಸ್ತುವೊಂದು ಅಗ್ಗವಾಗಿ ದೊರೆತಾಗ, ನಾವು ಕೊಡದೆ ಉಳಿಸಿಕೊಂಡುದನ್ನು ಬೇರೆ ಯಾರಾದರೂ ತೆತ್ತಿರುವರೇ? ತೆತ್ತಿದ್ದರೆ ಅವರಿಗೆ ನಮ್ಮಿಂದ ಸಲ್ಲತಕ್ಕುದು ಏನು? ಇದೇ ಇಲ್ಲಿ ವಿಚಾರಿಸಬೇಕೆಂದಿರುವ ಪ್ರಶ್ನೆ.

ಇಂಥ ಪ್ರಶ್ನೆಗಳನ್ನು ಬರಿಯ ಮಾತಿನಲ್ಲಿ ಚರ್ಚಿಸಿದರೆ ಅವು ಗಾಳಿಯಲ್ಲಿ ತೇಲುತ್ತವೆ. ಆದುದರಿಂದ ಕೈಯಲ್ಲಿ ಹಿಡಿದು ನೋಡಬಹುದಾದ ಒಂದು ವಸ್ತುವನ್ನು ತೆಗೆದುಕೊಳ್ಳೋಣ. ಹಿಂದಿನ ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಕ್ಯಾಮರಾ ಮಸೂರಗಳು ಈ ವಿಚಾರಕ್ಕೆ ತಕ್ಕ ಉದಾಹರಣೆ. ಜ್ಯೂಪಿಟರ್, ಹೆಲಿಯೋಸ್, ಇಂಡಸ್ಟಾರ್ ಎಂಬ ಹೆಸರಿನ ಈ ಮಸೂರಗಳು ಬಹುಕಾಲ ಜಗತ್ತಿನ ಅತ್ಯಂತ ಅಗ್ಗದ ಮಸೂರಗಳ ಸಾಲಿನಲ್ಲಿದ್ದುವು. ಅವುಗಳಿಂದ ತೆಗೆದ ಚಿತ್ರಗಳೋ ಅನೇಕ ವೇಳೆ ಬಹು ಬೆಲೆಬಾಳುವ ಮಸೂರಗಳ ಚಿತ್ರಗಳೊಡನೆ ಸರಿಸಾಟಿಯಾಗಿ ನಿಲ್ಲುತ್ತಿದ್ದುವು. ಗುಣ ಹೆಚ್ಚು, ಬೆಲೆ ಕಡಮೆ. ಈ ಅಂತರ ಎಲ್ಲಿಂದ ಬಂತು?

ಮೊದಲು ಗುಣವನ್ನು ಪರೀಕ್ಷಿಸೋಣ. ಕ್ಯಾಮರಾದ ಮಸೂರವೆಂದರೆ ಒಂದೇ ಗಾಜಿನ ತುಂಡಲ್ಲ. ಹಲವು ಗಾಜುಗಳ ಕೂಟ. ಒಂದು ಗಾಜು ಮಾಡಿದ ದೋಷವನ್ನು ಇನ್ನೊಂದು ತಿದ್ದುವಂತೆ ಅವುಗಳನ್ನು ಜೋಡಿಸಬೇಕು. ಆದರೆ ಗಾಜುಗಳ ಸಂಖ್ಯೆ ಹೆಚ್ಚಿದಂತೆ ಮತ್ತೊಂದು ತೊಡಕು ಹುಟ್ಟುತ್ತದೆ. ಗಾಳಿಯಿಂದ ಗಾಜಿಗೆ, ಗಾಜಿನಿಂದ ಗಾಳಿಗೆ ಬೆಳಕು ದಾಟುವ ಪ್ರತಿಯೊಂದು ಮೈಯಲ್ಲಿಯೂ ನೂರರಲ್ಲಿ ಸುಮಾರು 4 ಪಾಲು ಬೆಳಕು ಹಿಂದಕ್ಕೆ ಪ್ರತಿಫಲಿಸುತ್ತದೆ. ಅಂಥ ಮೈಗಳು 8 ಇದ್ದರೆ ಕಡೆಗೆ ಫಿಲ್ಮನ್ನು ಮುಟ್ಟುವುದು ನೂರರಲ್ಲಿ 72 ಪಾಲು ಮಾತ್ರ. 6 ಇದ್ದರೆ 78 ಪಾಲು. ವಿದ್ಯಾರ್ಥಿಗಳು 96ನ್ನು ನೂರರಿಂದ ಭಾಗಿಸಿ, ಬಂದುದನ್ನು ಅದರಿಂದಲೇ ಮರಳಿ ಮರಳಿ ಗುಣಿಸಿ ಈ ಲೆಕ್ಕವನ್ನು ತಾವೇ ನೋಡಬಹುದು. ಕಳೆದುಹೋದ ಬೆಳಕು ಸುಮ್ಮನೆ ಹೋಗುವುದೂ ಇಲ್ಲ. ಅದರಲ್ಲಿ ಒಂದಂಶ ಮಸೂರದೊಳಗೇ ಅಲೆದಾಡಿ ಚಿತ್ರದ ಮೇಲೆ ಮಂಜು ಕವಿಸುತ್ತದೆ. ಜರ್ಮನಿಯ ಲುಡ್‌ವಿಗ್ ಬರ್ಟೆಲೆ 1930ರ ದಶಕದ ಮೊದಲಲ್ಲಿ ಜೈಸ್ ಕಾರ್ಖಾನೆಗಾಗಿ ರಚಿಸಿದ ಸೊನ್ನಾರ್ ಮಸೂರದಲ್ಲಿ ಗಾಜುಗಳನ್ನು ಒಂದಕ್ಕೊಂದು ಅಂಟಿಸಿ ಮೂರೇ ಗುಂಪುಗಳಾಗಿ ಮಾಡಿ, ಗಾಳಿಗೆ ತೆರೆದ ಮೈಗಳನ್ನು ಆರಕ್ಕೆ ಇಳಿಸಿದ್ದನು. 1935ರಲ್ಲಿ ಅದೇ ಕಾರ್ಖಾನೆಯ ಅಲೆಕ್ಸಾಂಡರ್ ಸ್ಮಾಕುಲ, ಗಾಜಿನ ಮೇಲೆ ಅತಿ ತೆಳುವಾದ ಲೇಪವನ್ನು ಬಳಿದು ಪ್ರತಿಫಲನವನ್ನೇ ತಗ್ಗಿಸುವ ಉಪಾಯವನ್ನು ಕಂಡುಹಿಡಿದನು.

ಸೋವಿಯತ್ ಮಸೂರಗಳು ಈ ಎರಡು ವಿದ್ಯೆಗಳನ್ನೂ ಬಳಸಿಕೊಂಡುವು. ಜ್ಯೂಪಿಟರ್-8 ಎಂಬುದು ಸೊನ್ನಾರಿನ ವಂಶದ್ದು. ಹೆಲಿಯೋಸ್-44 ಎಂಬುದು ವಿಲ್ಲಿ ಮೆರ್ಟೆ ರಚಿಸಿದ ಬಯೋಟಾರಿನ ವಂಶದ್ದು. ಇಂಡಸ್ಟಾರುಗಳು ಪೌಲ್ ರುಡಾಲ್ಫನು 1902ರಲ್ಲಿ ರಚಿಸಿದ ನಾಲ್ಕು ಗಾಜಿನ ಟೆಸ್ಸಾರಿನ ಮಾದರಿಯವು. ಲೇಪವಿರುವ ಮಸೂರಗಳ ಮೇಲೆ ಕೆಂಪು ಬಣ್ಣದಲ್ಲಿ ರಷ್ಯನ್ ‘ಪ’ಕಾರವನ್ನು ಕೊರೆಯುತ್ತಿದ್ದರು, ಆ ಅಕ್ಷರ ಸೂಚಿಸುವ ಪದಕ್ಕೆ ‘ಬೆಳಕುಗೊಳಿಸಿದ್ದು’ ಎಂಬರ್ಥ. ಇಷ್ಟರಿಂದ ಅವರದು ಬರಿಯ ಅನುಕರಣೆಯೆಂದು ತಿಳಿಯಬಾರದು. ಇಂಡಸ್ಟಾರ್-61ರಲ್ಲಿ ಲ್ಯಾಂಥನಮ್ ಬೆರೆಸಿದ, ಬೆಳಕನ್ನು ಹೆಚ್ಚು ಬಾಗಿಸಬಲ್ಲ ಗಾಜನ್ನು ಬಳಸಿ, ಸಾಮಾನ್ಯನ ಕ್ಯಾಮರಾಕ್ಕೆ ಬಹು ಸೂಕ್ಷ್ಮವಾದ ಚಿತ್ರಶಕ್ತಿಯನ್ನು ಕೊಟ್ಟರು. 1958ರ ಬ್ರಸೆಲ್ಸ್ ಜಾಗತಿಕ ಪ್ರದರ್ಶನದಲ್ಲಿ ಅವರ ಮೀರ್-1 ಎಂಬ ಅಗಲನೋಟದ ಮಸೂರಕ್ಕೆ ಮಹಾಬಹುಮಾನ ದೊರೆಯಿತು. ಆ ಗೌರವದ ಹೆಸರು ಅದರ ಅಂಚಿನ ಮೇಲೆಯೇ ಕೊರೆಯಲ್ಪಟ್ಟಿತು.

ಹಾಗೆಂದು ದೋಷಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಒಂದೇ ಹೆಸರಿನ ಎರಡು ಮಸೂರಗಳಲ್ಲಿ ಒಂದು ಅಚ್ಚುಕಟ್ಟಾಗಿಯೂ ಮತ್ತೊಂದು ಗಾಜು ನೆಟ್ಟಗೆ ಕೂಡದೆಯೂ ಇರುವುದುಂಟು. ಒಳಗೆ ಹಚ್ಚಿದ ಜಿಡ್ಡು ಕಾಲಾಂತರದಲ್ಲಿ ಗಟ್ಟಿಯಾಗಿ ತಿರುಗುವ ಬಳೆ ಬಿಗಿದುಕೊಳ್ಳುತ್ತದೆ. ಎದುರು ಬಿಸಿಲಿನಲ್ಲಿ ಚಿತ್ರ ಕಳೆಗುಂದುತ್ತದೆ. ಇಷ್ಟು ಸಂಖ್ಯೆಯ ವಸ್ತುಗಳನ್ನು ಇಂತಿಷ್ಟು ಕಾಲದಲ್ಲಿ ಮಾಡಿ ಮುಗಿಸಬೇಕೆಂಬ ಯೋಜನೆಯ ಒತ್ತಾಯವಿದ್ದಲ್ಲಿ, ಒಂದೊಂದನ್ನೂ ಪರೀಕ್ಷಿಸುವ ವ್ಯವಧಾನ ಕುಗ್ಗುವುದು ಸಹಜ. ದುಬಾರಿಯಾದ ಹೆಸರಾಂತ ಮಸೂರವನ್ನು ಕೊಳ್ಳುವವನು ಗಾಜಿಗೆ ಮಾತ್ರ ಹಣ ಕೊಡುವುದಿಲ್ಲ. ತನಗೆ ಬದಲಾಗಿ ಯಾರೋ ಅದನ್ನು ಪರೀಕ್ಷಿಸಿದ್ದಾರೆಂಬ ಭರವಸೆಗೂ ಕೊಡುತ್ತಾನೆ. ಅಗ್ಗದ ಮಸೂರವನ್ನು ಕೊಂಡವನಾದರೋ ಆ ಪರೀಕ್ಷೆಯ ಶ್ರಮವನ್ನು ತಾನೇ ಹೊರಬೇಕು. ಹೀಗೆ ನೋಡಿದರೆ ಅಗ್ಗದ ಬೆಲೆಯಲ್ಲಿ ಒಂದು ಭಾಗ ನಿಜವಾದ ಉಳಿತಾಯವಲ್ಲ. ಹಣದ ರೂಪದಲ್ಲಿ ಕೊಡದಿದ್ದುದನ್ನು ಕಣ್ಣಿನ, ಕೈಯ, ತಾಳ್ಮೆಯ ರೂಪದಲ್ಲಿ ಕೊಡುತ್ತೇವೆ.

ದೋಷ ಗುಣಗಳ ಎಣಿಕೆಯೂ ಸ್ಥಿರವಾದುದಲ್ಲ. ಹೆಲಿಯೋಸ್-44ರಲ್ಲಿ ತೆಗೆದ ಚಿತ್ರದಲ್ಲಿ ನಡುವಣ ಮುಖ ಸ್ಪಷ್ಟವಾಗಿದ್ದು ಹಿಂದಿನ ಎಲೆಗಳು ಸುಳಿಸುಳಿಯಾಗಿ ಸುತ್ತಿದಂತೆ ತೋರುತ್ತವೆ. ಓರೆಯಾಗಿ ಬರುವ ಬೆಳಕಿನ ಕಟ್ಟನ್ನು ಮಸೂರದ ಕೊಳವೆಯ ಅಂಚು ಕತ್ತರಿಸುವುದೂ, ಅಂಚಿನ ಕಡೆಗೆ ಪೂರ್ತಿ ತಿದ್ದದೆ ಉಳಿದ ದೋಷಗಳೂ ಇದಕ್ಕೆ ಕಾರಣ. ಅದನ್ನು ರಚಿಸಿದವರು ಇದನ್ನು ಕೊರತೆಯೆಂದೇ ಬಗೆದಿದ್ದರು. ಇಂದು ಅನೇಕರು ಆ ಸುಳಿಗಾಗಿಯೇ ಅದನ್ನು ಹುಡುಕಿ ಕೊಳ್ಳುತ್ತಾರೆ. ಗಾಜು ಬದಲಾಗಲಿಲ್ಲ, ನೋಡುವವರ ಅಪೇಕ್ಷೆ ಬದಲಾಯಿತು.

ಬೆಲೆ ಎಂಬುದು ವಸ್ತುವಿನೊಳಗಿನ ಗುಣವಲ್ಲವೆಂಬುದಕ್ಕೆ ಇದಕ್ಕಿಂತ ಕಟುವಾದ ನಿದರ್ಶನವೂ ಇದೆ. ಸೋವಿಯತ್ ದೇಶದ ಫೆಡ್ ಮತ್ತು ಜೋರ್ಕಿ ಕ್ಯಾಮರಾಗಳು ಜರ್ಮನಿಯ ಲೈಕಾ ಕ್ಯಾಮರಾದ ಅಚ್ಚಿನಲ್ಲಿ ತಯಾರಾದುವು. ಸೋವಿಯತ್ ಒಕ್ಕೂಟದ ಕೊನೆಗಾಲದಿಂದೀಚೆಗೆ ಕೆಲವರು ಇವುಗಳ ಮೇಲಿನ ಹೆಸರನ್ನು ಅಳಿಸಿ, ಲೈಕಾ ಎಂದು ಕೊರೆದು, ಜರ್ಮನ್ ಸೇನೆಯ ಹುಸಿಮುದ್ರೆಗಳನ್ನೂ ಒತ್ತಿ ಹೆಚ್ಚಿನ ಬೆಲೆಗೆ ಮಾರಿದರು. ಒಳಗಿನ ಗಾಲಿ ಅದೇ, ತೆರೆ ಅದೇ, ಮಸೂರ ಅದೇ. ಬದಲಾದುದು ಕೆಲವು ಅಕ್ಷರ. ಹಾಗಾದರೆ ಕೊಂಡವನು ಹೆಚ್ಚಿನ ಹಣವನ್ನು ಯಾವುದಕ್ಕೆ ಕೊಟ್ಟನು? ಚಿತ್ರವೇ ಅವನ ಉದ್ದೇಶವಾಗಿದ್ದರೆ ಹೆಸರು ಅಳಿಸುವ ಮೊದಲೇ ಆ ಯಂತ್ರ ಅವನಿಗೆ ಸಾಕಾಗುತ್ತಿತ್ತು. ಮೋಸ ಮಾಡಿದವನ ತಪ್ಪು ಸ್ಪಷ್ಟ. ಆದರೆ ವಸ್ತುವಿಗಿಂತ ಹೆಸರನ್ನು ನಂಬುವ ನಮ್ಮ ಸ್ವಭಾವವೇ ಅವನ ಬಂಡವಾಳವಾಯಿತೆಂಬುದನ್ನೂ ಮರೆಯುವಂತಿಲ್ಲ.

ಇನ್ನು ಅಗ್ಗದ ಕಾರಣಗಳಿಗೆ ಬರೋಣ. ಅವುಗಳಲ್ಲಿ ಮೊದಲನೆಯದು ಎರವಲಾಗಿ ಬಂದ ವಿದ್ಯೆ. ಜೈಸ್ ಕಾರ್ಖಾನೆಯಿದ್ದ ಜೇನಾ ನಗರವನ್ನು 1945ರ ಏಪ್ರಿಲಿನಲ್ಲಿ ಅಮೆರಿಕದ ಸೇನೆ ಹಿಡಿಯಿತು. ಒಪ್ಪಂದದಂತೆ ಬೇಸಗೆಯಲ್ಲಿ ಆ ಪ್ರದೇಶವನ್ನು ಸೋವಿಯತ್ ಸೇನೆಗೆ ಬಿಟ್ಟುಕೊಡುವ ಮುನ್ನ ಅಮೆರಿಕನ್ನರು ಕಾರ್ಖಾನೆಯ ಪ್ರಮುಖ ತಜ್ಞರನ್ನು ತಮ್ಮೊಡನೆ ಪಶ್ಚಿಮಕ್ಕೆ ಕರೆದೊಯ್ದರು. ಅನಂತರ ಬಂದ ಸೋವಿಯತ್ ಅಧಿಕಾರಿಗಳು ಯುದ್ಧಪರಿಹಾರವಾಗಿ ಯಂತ್ರಗಳನ್ನೂ ನಕ್ಷೆಗಳನ್ನೂ ಗಾಜನ್ನೂ ಸಾಗಿಸಿದರು. 1946ರ ಅಕ್ಟೋಬರ್ 22ರಂದು ತಮ್ಮ ಹಿಡಿತದಲ್ಲಿದ್ದ ಜರ್ಮನಿಯಿಂದ ಎರಡು ಸಾವಿರಕ್ಕೂ ಮಿಕ್ಕಿದ ತಜ್ಞರನ್ನು, ಅನೇಕರನ್ನು ಮನೆಮಂದಿ ಸಹಿತ, ರೈಲುಗಳಲ್ಲಿ ತಮ್ಮ ದೇಶಕ್ಕೆ ಒಯ್ದರು. ಹೋಗಲು ಮನಸ್ಸುಂಟೇ ಎಂದು ಅವರನ್ನು ಕೇಳಲಿಲ್ಲ. ಕಾಂಟ್ಯಾಕ್ಸ್ ಕ್ಯಾಮರಾದ ಯಂತ್ರಸಾಮಗ್ರಿ ಕೀಯೆವ್ ನಗರದ ಆರ್ಸೆನಲ್ ಕಾರ್ಖಾನೆಯನ್ನು ಸೇರಿ, ಆ ಕ್ಯಾಮರಾ ಕೀಯೆವ್ ಎಂಬ ಹೆಸರನ್ನು ಪಡೆಯಿತು. ಸೊನ್ನಾರಿನ ಮೊದಲ ಸೋವಿಯತ್ ಪ್ರತಿಗಳು ಜರ್ಮನಿಯ ಗಾಜಿನಿಂದಲೇ ತಯಾರಾಗಿ, ‘ಕ್ರಾಸ್ನೋಗೋರ್ಸ್ಕಿನ ಸೊನ್ನಾರ್’ ಎಂಬುದರ ಆದ್ಯಕ್ಷರಗಳನ್ನು ಹೊತ್ತಿದ್ದುವು. ಕೆಲವೇ ವರ್ಷಗಳಲ್ಲಿ ಆ ಅಕ್ಷರಗಳು ಮಾಯವಾಗಿ ಜ್ಯೂಪಿಟರ್ ಎಂಬ ಹೊಸ ಹೆಸರು ಬಂತು.

ಇದನ್ನು ಕಳವೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ಸುಲಭ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಜರ್ಮನಿ ಆರಂಭಿಸಿದ ಆ ಯುದ್ಧದಲ್ಲಿ ಸೋವಿಯತ್ ಒಕ್ಕೂಟದ ಸುಮಾರು 2 ಕೋಟಿ 70 ಲಕ್ಷ ಜನ ಸತ್ತರು. ಊರುಗಳೂ ಕಾರ್ಖಾನೆಗಳೂ ಬೂದಿಯಾದುವು. ಪರಿಹಾರ ಪಡೆಯುವ ಹಕ್ಕು ಅವರಿಗಿರಲಿಲ್ಲವೆಂದು ಯಾರು ಹೇಳಬಲ್ಲರು? ಅದೇ ಕಾಲದಲ್ಲಿ ಜಪಾನಿನ ಕಾರ್ಖಾನೆಗಳೂ ಲೈಕಾ, ಕಾಂಟ್ಯಾಕ್ಸ್, ಸೊನ್ನಾರುಗಳ ಮಾದರಿಯನ್ನೇ ಹಿಡಿದು ಮುಂದುವರಿದುವು. 1950ರಲ್ಲಿ ಅಮೆರಿಕದ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ ಮೊದಲಾದವರು ಜಪಾನಿನ ಮಸೂರಗಳನ್ನು ಮೆಚ್ಚಿ ಬಳಸಿದ ಮೇಲೆ ಅವುಗಳ ಕೀರ್ತಿ ಹಬ್ಬಿತು. ಒಬ್ಬರಿಂದ ಒಬ್ಬರು ಕಲಿಯುವುದು ಪಾಪವಾದರೆ ಶಾಲೆಗಳನ್ನೆಲ್ಲ ಮುಚ್ಚಬೇಕಾದೀತು. ವಿದ್ಯೆ ಹಂಚಿದಷ್ಟೂ ಬೆಳೆಯುವ ಸೊತ್ತು. ಒಬ್ಬನು ಪಡೆದನೆಂದು ಇನ್ನೊಬ್ಬನಿಗೆ ಕಡಮೆಯಾಗದು. ಆದರೆ ಮನುಷ್ಯ ಅಂಥ ಸೊತ್ತಲ್ಲ. ನಕ್ಷೆಯನ್ನು ಪರಿಹಾರವಾಗಿ ತೆಗೆದುಕೊಳ್ಳಬಹುದು. ನಕ್ಷೆ ಬರೆದವನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಸಾಮಗ್ರಿಯಂತೆ ಸಾಗಿಸುವುದು ಬೇರೆಯೇ ಮಾತು. ಮೊದಲನೆಯದಕ್ಕೆ ಸಮರ್ಥನೆ ಉಂಟು. ಎರಡನೆಯದಕ್ಕೆ ಯುದ್ಧದ ಗಾಯವೂ ಸಮರ್ಥನೆಯಾಗಲಾರದೆಂದು ನನಗೆ ತೋರುತ್ತದೆ.

ಎರಡನೆಯ ಕಾರಣ ಶ್ರಮ. ಇದು ಅಧ್ಯಾಪಕರು ವಿಶೇಷವಾಗಿ ಗಮನಿಸತಕ್ಕ ಕತೆ. ಕ್ರಾಂತಿ, ಅಂತರ್ಯುದ್ಧ, ಕ್ಷಾಮಗಳಿಂದ ತಬ್ಬಲಿಗಳಾಗಿ ಬೀದಿಪಾಲಾದ ಮಕ್ಕಳಿಗಾಗಿ 1927ರಲ್ಲಿ ಖಾರ್ಕಿವ್ ನಗರದ ಬಳಿ ಒಂದು ಶ್ರಮಸಂಘವನ್ನು ತೆರೆದರು. ಶಿಕ್ಷಣತಜ್ಞ ಆಂಟೋನ್ ಮಕರೆಂಕೊ 1935ರವರೆಗೆ ಅದನ್ನು ನಡೆಸಿದನು. ಮಕ್ಕಳು ದಿನದ ಒಂದು ಭಾಗ ಪಾಠ ಕಲಿತು, ಮತ್ತೊಂದು ಭಾಗ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. 1934ರಿಂದ ಅಲ್ಲಿ ಲೈಕಾ ಮಾದರಿಯ ಕ್ಯಾಮರಾಗಳು ಸಾಲುಸಾಲಾಗಿ ಹೊರಬಂದುವು. ಬೀದಿಯಲ್ಲಿ ಅಲೆಯುತ್ತಿದ್ದ ಕೈಗಳು ಕೂದಲೆಳೆಯಷ್ಟು ನಿಖರವಾದ ಕೆಲಸವನ್ನು ಕಲಿತುವೆಂಬುದು ಶಿಕ್ಷಣದ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಆದರೆ ಆ ಕ್ಯಾಮರಾದ ಹೆಸರು ಫೆಡ್. ಅದು ಸೋವಿಯತ್ ಗುಪ್ತ ಪೊಲೀಸ್ ಪಡೆಯ ಸ್ಥಾಪಕ ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಜಿನ್‌ಸ್ಕಿಯ ಹೆಸರಿನ ಆದ್ಯಕ್ಷರ. ಮೊದಮೊದಲ ಕ್ಯಾಮರಾಗಳ ನೆತ್ತಿಯ ಮೇಲೆ ಶ್ರಮಸಂಘದ ಹೆಸರಿನೊಡನೆ ಆ ಪೊಲೀಸ್ ಇಲಾಖೆಯ ಹೆಸರನ್ನೂ ಕೊರೆದಿದ್ದರು. ತಬ್ಬಲಿಗೆ ಅನ್ನವನ್ನೂ ಕೌಶಲವನ್ನೂ ಕೊಟ್ಟ ಇಲಾಖೆಯೇ ಅದೇ ದಶಕದಲ್ಲಿ ಲಕ್ಷಾಂತರ ನಿರಪರಾಧಿಗಳನ್ನು ಸೆರೆಗೂ ಸಾವಿಗೂ ದೂಡಿತು. ಅಂಗೈಯಗಲದ ಒಂದು ತಗಡಿನ ಮೇಲೆ ಕರುಣೆಯ ಹೆಸರೂ ಕ್ರೌರ್ಯದ ಹೆಸರೂ ಒಟ್ಟಿಗೆ ಇವೆ. ಒಂದನ್ನು ಓದಿ ಇನ್ನೊಂದನ್ನು ಓದದಿರುವುದು ಪ್ರಾಮಾಣಿಕತೆಯಲ್ಲ.

ಅಗ್ಗಕ್ಕೆ ಮೂರನೆಯ ಕಾರಣವೊಂದಿದೆ. ಅದು ಯಾರ ಕಣ್ಣೀರನ್ನೂ ಬೇಡದ ಅಗ್ಗ. 1941ರ ಬೇಸಗೆಯಲ್ಲಿ ಜರ್ಮನ್ ಸೇನೆ ಲೆನಿನ್‌ಗ್ರಾಡನ್ನು ಸಮೀಪಿಸುತ್ತಿದ್ದಾಗ ಅಲ್ಲಿನ ರಾಜ್ಯ ದೃಗ್ವಿಜ್ಞಾನ ಸಂಸ್ಥೆಯನ್ನು ಯೋಷ್ಕಾರ್-ಓಲಾಕ್ಕೆ ಸ್ಥಳಾಂತರಿಸಿದರು. ಆ ಪ್ರಯಾಣದಲ್ಲಿದ್ದ ದ್ಮಿತ್ರಿ ಮಕ್ಸುತೊವ್ ಎಂಬ ವಿಜ್ಞಾನಿಯ ಮನಸ್ಸಿನಲ್ಲಿ ಕೊರೆಯುತ್ತಿದ್ದ ಸಮಸ್ಯೆ ಶಾಲೆಗಳಿಗೆ ತಕ್ಕ ದೂರದರ್ಶಕದ್ದು. ಕನ್ನಡಿಯ ದೂರದರ್ಶಕ ಅಗ್ಗ; ಆದರೆ ತೆರೆದ ಕೊಳವೆಯೊಳಗೆ ಧೂಳು ಹೊಕ್ಕು, ಹುಡುಗರ ಕೈ ತಗುಲಿ ಕನ್ನಡಿ ಬೇಗ ಕೆಡುತ್ತದೆ. ಬಾಯಿಗೆ ಒಂದು ಗಾಜನ್ನು ಮುಚ್ಚಿದರೆ ರಕ್ಷಣೆ ಸಿಕ್ಕೀತು. ಆದರೆ ಖರ್ಚು ಏರೀತು. ಆ ಮುಚ್ಚಳದ ಗಾಜನ್ನೇ ಚಂದ್ರಕಲೆಯಂತೆ ಬಾಗಿಸಿದರೆ ಅದು ಕನ್ನಡಿಯ ದೋಷವನ್ನೂ ತಿದ್ದಬಲ್ಲುದೆಂದು ಅವನಿಗೆ ಹೊಳೆಯಿತು. ಆಗ ಕನ್ನಡಿಯ ಮೈಯೂ ಗಾಜಿನ ಮೈಯೂ ಗೋಳದ ಅಂಶಗಳೇ ಆಗಿದ್ದರೆ ಸಾಕು. ಮಸೂರ ಉಜ್ಜುವವನಿಗೆ ಗೋಳಕ್ಕಿಂತ ಸುಲಭವಾದ ಆಕಾರವಿಲ್ಲ. ಮುಂದೆ ಇದೇ ತತ್ತ್ವದಿಂದ ದೂರದ ವಸ್ತುಗಳನ್ನು ಹತ್ತಿರ ತೋರಿಸುವ ಕ್ಯಾಮರಾ ಮಸೂರಗಳೂ ತಯಾರಾದುವು, ಅವುಗಳ ಎಂ.ಟಿ.ಓ. ಎಂಬ ಹೆಸರಿನಲ್ಲಿ ಮೊದಲಕ್ಷರ ಮಕ್ಸುತೊವನದು. ಯುದ್ಧದಿಂದ ಓಡುತ್ತಿರುವಾಗಲೂ ಒಬ್ಬ ಮನುಷ್ಯ, ಬಡ ಶಾಲೆಯ ಹುಡುಗನಿಗೆ ಚಂದ್ರನನ್ನು ಕಡಮೆ ಖರ್ಚಿನಲ್ಲಿ ತೋರಿಸುವುದು ಹೇಗೆಂದು ಯೋಚಿಸಿದನು. ಇಲ್ಲಿ ಅಗ್ಗವೆಂಬುದು ಯಾರಿಂದಲೋ ಕಿತ್ತುಕೊಂಡುದರ ಫಲವಲ್ಲ. ಬುದ್ಧಿ ತಾನೇ ಮುಂದಾಗಿ ತೆತ್ತ ಬೆಲೆ.

ನಾಲ್ಕನೆಯ ಕಾರಣ ವಿಪತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದುಹೋಯಿತು. ನಾಣ್ಯದ ಬೆಲೆ ಕುಸಿದು, ಸಂಬಳಗಳು ನಿಂತು, ಜನ ಮನೆಯಲ್ಲಿದ್ದುದನ್ನೆಲ್ಲ ಸಂತೆಗೆ ತಂದರು. ಅಪ್ಪನ ಕ್ಯಾಮರಾ, ಅಜ್ಜನ ಮಸೂರ ನೀರಿನ ಬೆಲೆಗೆ ಹೋದುವು. ಆ ಕಾಲದಲ್ಲಿ ಅವುಗಳನ್ನು ಕೊಂಡ ಪರದೇಶದವನು ಬುದ್ಧಿವಂತನೆನಿಸಿಕೊಂಡಿರಬಹುದು. ಮಾರಿದವನು ದಡ್ಡನಾಗಿರಲಿಲ್ಲ, ಹಸಿದಿದ್ದನು. ಮುಂದೆ 2008ರಿಂದ ಒಳಗನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮರಾಗಳು ಬಂದುವು. ಹಳೆಯ ಕನ್ನಡಿ ಕ್ಯಾಮರಾಗಳಲ್ಲಿ ಮಸೂರದ ಪೀಠ ಫಿಲ್ಮಿನಿಂದ ಸುಮಾರು 45 ಮಿಲಿಮೀಟರ್ ದೂರದಲ್ಲಿದ್ದರೆ, ಇವುಗಳಲ್ಲಿ ಆ ದೂರ 20 ಮಿಲಿಮೀಟರಿನ ಆಸುಪಾಸಿಗೆ ಇಳಿಯಿತು. ಉಳಿದ ಎಡೆಯಲ್ಲಿ ಒಂದು ಲೋಹದ ಬಳೆಯನ್ನು ಕೂಡಿಸಿದರೆ 42 ಮಿಲಿಮೀಟರ್ ತಿರುಪಿನ ಹೆಲಿಯೋಸ್ ಇಂದಿನ ಕ್ಯಾಮರಾದ ಕಣ್ಣಾಗುತ್ತದೆ. ಬೇಡಿಕೆ ಹುಟ್ಟಿತು, ಬೆಲೆ ಏರಿತು. ಮಸೂರವೋ ಹಿಂದೆ ಇದ್ದಂತೆಯೇ ಇದೆ. ಕೆಲವು ಊರುಗಳ ಗತಿಯಾದರೋ ಬದಲಾಗಿದೆ: ಕೀಯೆವ್, ಖಾರ್ಕಿವ್‌ಗಳು ಇಂದು ಯುಕ್ರೇನಿನ ನಗರಗಳು, 2022ರಲ್ಲಿ ರಷ್ಯದ ಸೇನೆ ನುಗ್ಗಿದಂದಿನಿಂದ ಅವು ಬಾಂಬಿನ ಪೆಟ್ಟನ್ನು ತಿಂದಿವೆ. ‘ಸೋವಿಯತ್ ಮಸೂರ’ ಎಂಬ ಒಂದೇ ಹೆಸರು ಆ ಭೇದವನ್ನು ಮರೆಮಾಡುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಉತ್ತರವನ್ನು ಅರಸೋಣ. ಬೆಲೆಯು ವಸ್ತುವಿನ ಗುಣವನ್ನು ಹೇಳುವುದಿಲ್ಲ. ಮಾಡಿದವನ ಕಷ್ಟವನ್ನೂ ಹೇಳುವುದಿಲ್ಲ. ಮಾರುವ ಹೊತ್ತಿನಲ್ಲಿ ಮಾರುವವನ ಮತ್ತು ಕೊಳ್ಳುವವನ ಸ್ಥಿತಿ ಹೇಗಿತ್ತೆಂಬಷ್ಟನ್ನೇ ಹೇಳುತ್ತದೆ. ನಾವು ಕಂಡ ನಾಲ್ಕು ಬಗೆಯ ಅಗ್ಗಗಳು ಅಂಗಡಿಯ ಚೀಟಿಯಲ್ಲಿ ಒಂದೇ ಅಂಕೆಯಾಗಿ ತೋರುತ್ತವೆ. ಒತ್ತಾಯದಿಂದ ಪಡೆದುದು, ಮಕ್ಕಳ ದುಡಿಮೆಯಿಂದ ಪಡೆದುದು, ವಿಚಾರದಿಂದ ಪಡೆದುದು, ವಿಪತ್ತಿನಿಂದ ಪಡೆದುದು ಎಂಬ ಭೇದವನ್ನು ಅಂಕೆ ಬಲ್ಲುದಲ್ಲ. ಅದನ್ನು ಬಲ್ಲುದು ಮನುಷ್ಯನ ವಿವೇಕ ಮಾತ್ರ.

ಇಲ್ಲಿ ಒಂದು ಆಕ್ಷೇಪ ಹುಟ್ಟುವುದು ಸಹಜ. ಪ್ರತಿಯೊಂದು ವಸ್ತುವಿನ ಮೂಲವನ್ನು ಹೀಗೆ ಶೋಧಿಸುತ್ತ ಹೋದರೆ ಬಡವನು ಏನನ್ನೂ ಕೊಳ್ಳಲಾಗದು. ದುಬಾರಿಯ ವಸ್ತುವಿನ ಹಿಂದೆ ಅನ್ಯಾಯವಿಲ್ಲವೆಂದು ಯಾರು ಹೇಳಿದರು? ಈ ಆಕ್ಷೇಪ ನ್ಯಾಯವಾದುದೇ. ಜೈಸ್ ಕಾರ್ಖಾನೆಯಲ್ಲಿಯೂ ಯುದ್ಧಕಾಲದಲ್ಲಿ ಬಲವಂತದ ದುಡಿಮೆಗೆ ಒಳಗಾದ ಪರದೇಶದವರಿದ್ದರು. ಹೆಚ್ಚು ಬೆಲೆ ತೆತ್ತ ಮಾತ್ರಕ್ಕೆ ಋಣ ಹರಿಯುವುದಿಲ್ಲ. ಆದುದರಿಂದ ವಸ್ತುವನ್ನು ತ್ಯಜಿಸಬೇಕೆಂಬುದು ನನ್ನ ವಾದವಲ್ಲ. ಸತ್ತವರಿಗೆ ಹಣವನ್ನು ಹಿಂದಿರುಗಿಸಲು ಬಾರದು. ಒಳ್ಳೆಯ ಮಸೂರವನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಯಾರ ಅನ್ಯಾಯವೂ ನೇರವಾಗುವುದಿಲ್ಲ.

ನಮ್ಮಿಂದ ಆಗತಕ್ಕವು ಮೂರು. ಹೆಸರನ್ನೂ ಬೆಲೆಯನ್ನೂ ನೋಡಿ ತೀರ್ಮಾನಿಸದೆ ವಸ್ತುವನ್ನು ನಾವೇ ಪರೀಕ್ಷಿಸುವುದು ಮೊದಲನೆಯದು. ಇದು ಮಾಡಿದವನ ಕೌಶಲಕ್ಕೆ ಸಲ್ಲುವ ಗೌರವ. ಅದು ಯಾರ ವಿದ್ಯೆ, ಯಾರ ದುಡಿಮೆ ಎಂಬುದನ್ನು ತಿಳಿದು ಅಳಿಸಿಹೋದ ಹೆಸರುಗಳನ್ನು ಮತ್ತೆ ಹೇಳುವುದು ಎರಡನೆಯದು. ಇದು ಸತ್ಯಕ್ಕೆ ಸಲ್ಲುವ ಗೌರವ. ಜ್ಯೂಪಿಟರನ್ನು ಹೊಗಳುವಾಗ ಬರ್ಟೆಲೆಯನ್ನು ನೆನೆಯದಿರುವುದು ಕೃತಘ್ನತೆ. ಬರ್ಟೆಲೆಯನ್ನು ಹೊಗಳಿ ಖಾರ್ಕಿವಿನ ಹುಡುಗರನ್ನೂ ಕ್ರಾಸ್ನೋಗೋರ್ಸ್ಕಿನ ಕೆಲಸಗಾರರನ್ನೂ ತುಚ್ಛವಾಗಿ ಕಾಣುವುದು ಅಹಂಕಾರ. ಕಷ್ಟದಲ್ಲಿರುವವನಿಂದ ಕೊಳ್ಳುವಾಗ ಅವನ ಕಷ್ಟವನ್ನು ನಮ್ಮ ಲಾಭವಾಗಿ ಮಾಡಿಕೊಳ್ಳದಿರುವುದು ಮೂರನೆಯದು. ಹಿಂದಿನ ಎರಡು ಋಣಗಳು ಸ್ಮರಣೆಯಿಂದ ತೀರಬಹುದು. ಇದಾದರೋ ಕೈಯಲ್ಲಿರುವ ಹಣದಿಂದಲೇ ತೀರಬೇಕಾದುದು, ಏಕೆಂದರೆ ಎದುರಿಗಿರುವವನು ಇನ್ನೂ ಬದುಕಿದ್ದಾನೆ.

ನಮ್ಮ ಶಾಲೆಗಳ ಪ್ರಯೋಗಶಾಲೆಗಳಲ್ಲಿ ದುಬಾರಿಯಾದ ಉಪಕರಣಗಳು ವಿರಳ. ಅಗ್ಗದ ಭೂತಗನ್ನಡಿ, ಎರಡು ಮಸೂರ, ಒಂದು ಕಾಗದದ ಕೊಳವೆ, ಇಷ್ಟರಲ್ಲಿಯೇ ಬೆಳಕಿನ ಪಾಠ ನಡೆಯುವುದುಂಟು. ಅದಕ್ಕಾಗಿ ನಾಚಬೇಕಾದ ಕಾರಣವಿಲ್ಲ. ಮಕ್ಸುತೊವನ ಮನಸ್ಸಿನಲ್ಲಿದ್ದುದೂ ಇಂಥ ಶಾಲೆಯೇ. ಆದರೆ ವಿದ್ಯಾರ್ಥಿ ಆ ಗಾಜಿನ ಮೂಲಕ ನೋಡಲು ಕಲಿತ ಮೇಲೆ, ಒಮ್ಮೆ ಆ ಗಾಜನ್ನೇ ತಿರುಗಿಸಿ ನೋಡಿ, ಇದನ್ನು ಉಜ್ಜಿದವರು ಯಾರು, ಅವರಿಗೆ ದೊರೆತುದೆಷ್ಟು ಎಂದು ಕೇಳುವುದನ್ನೂ ಕಲಿಯಲಿ. ಅಧ್ಯಾಪಕನಿಗೆ ಉತ್ತರ ತಿಳಿಯದಿದ್ದರೂ ಚಿಂತೆಯಿಲ್ಲ. ಆ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಲು ಎಡೆಗೊಟ್ಟರೆ ಸಾಕು.